ಮೂರನೇ ಕಚ್ಚು

ನಿದ್ದೆಯಲ್ಲಿರುವ ಮನುಷ್ಯನ ನೋವನ್ನು ಅಳೆಯಲು ಬಂದರೆ ಏನಾಗುತ್ತದೆ? ಮೊದಲಿಗೆ ಏನೂ ಆಗುವುದಿಲ್ಲ. ಆಮೇಲೆ ಯಾರಿಗೋ ಹೊಳೆಯುತ್ತದೆ: ಅಳೆಯಲು ಬರುವುದಾದರೆ ಅಳೆದು ಮದ್ದು ಕೊಡಲಿಕ್ಕೆ ಡಾಕ್ಟರೇ ಯಾಕೆ ಬೇಕು, ಯಂತ್ರ ಸಾಲದೆ? ಹಾಗೆ ಹೊಳೆದ ನಾಲ್ಕು ವರ್ಷಕ್ಕೆ ಕಲಬುರಗಿಯ ಹೊರವಲಯದಲ್ಲಿ ಎರಡಂತಸ್ತಿನ ಒಂದು ಕಟ್ಟಡ ಎದ್ದಿತು. ಬೋರ್ಡಿನ ಮೇಲೆ 'ದೂರ ಅರಿವಳಿಕೆ ನಿಯಂತ್ರಣ ಕೇಂದ್ರ' ಎಂದಿತ್ತು. ಆಟೋದವರು 'ನಿದ್ದಿ ಆಫೀಸ್' ಎನ್ನುತ್ತಿದ್ದರು. ಎರಡರಲ್ಲಿ ಆಟೋದವರ ಹೆಸರೇ ಹೆಚ್ಚು ಸರಿಯಾಗಿತ್ತು.

ಅಲ್ಲಿ ಒಂದು ಪಾಳಿಗೆ ನಾಲ್ವರು ಅರಿವಳಿಕೆ ತಜ್ಞರು ಕೂರುತ್ತಿದ್ದರು. ಒಬ್ಬೊಬ್ಬರ ಮುಂದೆ ಎಂಟೆಂಟು ಪರದೆ, ಪರದೆಗೊಂದು ತಾಲೂಕು ಆಸ್ಪತ್ರೆಯ ಆಪರೇಷನ್ ಕೋಣೆ. ಮೊದಲೆಲ್ಲ ಈ ಊರುಗಳಲ್ಲಿ ಕೊಯ್ಯುವ ಡಾಕ್ಟರು ಇದ್ದರೆ ಮಲಗಿಸುವ ಡಾಕ್ಟರು ಇರುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಂದವರನ್ನು ನೂರು ಕಿಲೋಮೀಟರ್ ದೂರ ಸಾಗಿಸಬೇಕಿತ್ತು. ಕೆಲವರು ದಾರಿಯಲ್ಲೇ ತೀರಿಕೊಳ್ಳುತ್ತಿದ್ದರು. ಕೇಂದ್ರ ಬಂದ ಮೇಲೆ ಅದು ನಿಂತಿತು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ, ಏಕೆಂದರೆ ಮುಂದೆ ಹೇಳುವುದೆಲ್ಲ ಅಷ್ಟು ಚೆನ್ನಾಗಿಲ್ಲ.

ಯಂತ್ರದ ಒಳಗುಟ್ಟು ಇಷ್ಟು. ಅಫೀಮಿನ ಕುಲದ ಔಷಧಗಳಿಗೆ ಒಂದು ಹಳೆಯ ಚಾಳಿ: ನೋವನ್ನು ಓಡಿಸುವಾಗ ಉಸಿರನ್ನೂ ಜೊತೆಗೆ ಓಡಿಸಿಬಿಡುತ್ತವೆ. ಕಡಿಮೆ ಕೊಟ್ಟರೆ ರೋಗಿ ನಿದ್ದೆಯಲ್ಲೇ ನರಳುತ್ತಾನೆ, ಹೆಚ್ಚು ಕೊಟ್ಟರೆ ಉಸಿರಾಡುವುದನ್ನೇ ಮರೆಯುತ್ತಾನೆ. ಈ ಯಂತ್ರ ಬಳಸುತ್ತಿದ್ದದ್ದು ಆ ಕುಲದ ಅತಿ ಚುರುಕಿನ ಕೂಸು. ಮೂರು ನಿಮಿಷದಲ್ಲಿ ಕೆಲಸ, ಇನ್ನು ಮೂರು ನಿಮಿಷದಲ್ಲಿ ಮಾಯ. ಅಷ್ಟು ಚುರುಕಿನದನ್ನು ಹದವಾಗಿ ಕೊಡಬೇಕಾದರೆ ನೋವು ಈ ಕ್ಷಣಕ್ಕೆ ಎಷ್ಟಿದೆಯೆಂದು ತಿಳಿಯಬೇಕು. ಅದನ್ನು ತಿಳಿಸುತ್ತಿದ್ದದ್ದು ನಾಲಿಗೆ. ಮೆದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಕೊನೆಯ ಜೊತೆ ನಾಲಿಗೆಯನ್ನು ಆಡಿಸುತ್ತದೆ. ಕತ್ತಿ ತಗುಲಿದಾಗ, ಎಷ್ಟೇ ಗಾಢ ನಿದ್ದೆಯಿದ್ದರೂ, ನಾಲಿಗೆ ಕೂದಲೆಳೆಯಷ್ಟು ಸೆಟೆದುಕೊಳ್ಳುತ್ತದೆ. ಅದಕ್ಕೆ ಒಂದು ಕ್ಲಿಪ್ಪು ಹಾಕಿದರೆ ಆಯಿತು, ಆ ಸೆಳೆತವನ್ನು ಅದು ಅಂಕಿಯಾಗಿಸಿ ಕೊಡುತ್ತದೆ. ನಾಲಿಗೆ ಗಂಟಲಿಗೆ ಜಾರಿ ಉಸಿರು ಕಟ್ಟದಂತೆ ಹಿಡಿದುಕೊಳ್ಳುವುದೂ ಅದರ ಕೆಲಸವೇ.

ಕ್ಲಿಪ್ಪಿಗೆ ಮೂರು ಕಚ್ಚುಗಳಿದ್ದವು. ಒಂದನೆಯದು ಸಡಿಲ, ಮೂರನೆಯದು ಬಿಗಿ. ಎಂಜಲಿನ ನಾಲಿಗೆ, ಜಾರುವುದು ಸಹಜ. ಜಾರಿದ ಕೂಡಲೇ ಯಂತ್ರ ನೋವೇ ಇಲ್ಲವೆಂದು ತಿಳಿದು ಮದ್ದು ನಿಲ್ಲಿಸಿ ಕೇಂದ್ರದಲ್ಲಿ ಗಂಟೆ ಬಾರಿಸುತ್ತಿತ್ತು. ದಿನಕ್ಕೆ ನೂರನಲವತ್ತು ಸಲ ಗಂಟೆ, ಅದರಲ್ಲಿ ನೂರಮೂವತ್ತೈದು ಸುಳ್ಳು. ಆ ಗದ್ದಲದಲ್ಲಿ ನಿಜವಾದ ಗಂಟೆಯೊಂದು ತಪ್ಪಿಹೋದರೆ ಗತಿಯೇನು ಎಂದು ಹೆದರಿದವಳು ಪಾಳಿಯ ಮುಖ್ಯಸ್ಥೆ ಡಾ. ನೀಲಾಂಬಿಕಾ ಹಳ್ಳಿಖೇಡ. ಹದಿನಾಲ್ಕು ತಿಂಗಳ ಹಿಂದೆ ಆಕೆ ಮೂವತ್ತೆರಡು ಆಸ್ಪತ್ರೆಗಳಿಗೆ ಒಂದು ಸಾಲಿನ ಸೂಚನೆ ಕಳಿಸಿದ್ದಳು: 'ಇನ್ನು ಮುಂದೆ ಎಲ್ಲ ರೋಗಿಗಳಿಗೂ ಕ್ಲಿಪ್ಪನ್ನು ಮೂರನೇ ಕಚ್ಚಿಗೇ ಹಾಕತಕ್ಕದ್ದು.' ಮರುದಿನ ಗಂಟೆಗಳು ಆರಕ್ಕಿಳಿದವು. ವರ್ಷದ ಸಮಾರಂಭದಲ್ಲಿ ಆಕೆಗೆ ಶಾಲು ಹೊದಿಸಿ, ಈ ಭಾಗದ ವಾಡಿಕೆಯಂತೆ ಬೀದರಿನ ಬಿದ್ರಿ ತಟ್ಟೆಯೊಂದನ್ನು ಕೊಟ್ಟರು. ಕಪ್ಪು ತಟ್ಟೆಯ ಮೇಲೆ ಬೆಳ್ಳಿಯ ಬಳ್ಳಿ. ಅದು ಕೇಂದ್ರದ ಆಕೆಯ ಕೋಣೆಯಲ್ಲಿ ಕಿಟಕಿಯ ಪಕ್ಕ ನಿಂತಿತ್ತು.

ಮನೆಯಲ್ಲಿ ಮಾತ್ರ ಆಕೆಗೆ ಯಾರೂ ಶಾಲು ಹೊದಿಸುವ ಸ್ಥಿತಿಯಲ್ಲಿರಲಿಲ್ಲ. ಗಂಡ ಶಿವಶರಣ ಯಾದಗಿರಿಯ ಕಾಲೇಜಿನಲ್ಲಿ ಪಾಠ ಹೇಳುತ್ತ ಶನಿವಾರಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ಆಕೆ ಮತ್ತು ಮಾವ ವೀರಭದ್ರಪ್ಪ. ಮಾವ ನಿವೃತ್ತ ಹೆಡ್‌ಮಾಸ್ತರು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವರು, ಆ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಹತ್ತು ತಿಂಗಳ ಹಿಂದೆ ಅವರ ಪಿತ್ತಕೋಶದ ಆಪರೇಷನ್ ಇದೇ ಯಂತ್ರದ ಮೇಲೆ ಆಗಿತ್ತು. ಸೊಸೆ ಪರದೆಯಲ್ಲಿ ಖುದ್ದಾಗಿ ನೋಡಿಕೊಂಡಿದ್ದಳು. ಗಂಟೆ ಒಂದು ಸಲವೂ ಬಾರಿಸಿರಲಿಲ್ಲ.

ಆಪರೇಷನ್ ಆದ ಮೇಲೆ ಮಾವನ ತಗಾದೆ ಊಟದ ತಟ್ಟೆಗೆ ತಿರುಗಿತು. ಬೇಳೆಗೆ ಉಪ್ಪಿಲ್ಲ. ಹುಳಿಸೊಪ್ಪಿನ ಪುಂಡಿಪಲ್ಯಕ್ಕೂ ಹುಳಿಯಿಲ್ಲ. ರೊಟ್ಟಿಗೆ ಹಚ್ಚುವ ಶೇಂಗಾ ಹಿಂಡಿ ಬರೀ ಮಣ್ಣು. ಆರು ವರ್ಷದಿಂದ ಅಡುಗೆ ಮಾಡುತ್ತಿದ್ದ ಸುಶೀಲಾಬಾಯಿ ಮೊದಲು ನಕ್ಕಳು, ಆಮೇಲೆ ಉಪ್ಪು ಹೆಚ್ಚಿಸಿದಳು, ಕಡೆಗೆ ಅತ್ತಳು. "ಯಪ್ಪಾ, ಅದೇ ಕೈಯ್ಯಾಗ, ಅದೇ ಚಮಚದಾಗ ಹಾಕೀನ್ರಿ," ಎಂದು ಹೇಳಿದರೆ ಮಾವ, "ಸುಳ್ಳ್ ಹೇಳಬ್ಯಾಡ. ಕೆಲಸದ ಮ್ಯಾಲ ಲಕ್ಷ್ಯ ಇಲ್ಲ ನಿನಗ," ಎಂದರು. ಸುಳ್ಳಿ ಎನಿಸಿಕೊಂಡ ಮೇಲೆ ಆಕೆಗೂ ಸಿಟ್ಟು ಬಂತು, ಮಾತಿಗೆ ಮಾತು ಬೆಳೆಯಿತು. ನೀಲಾಂಬಿಕಾ ಪಾಳಿ ಮುಗಿಸಿ ಸುಸ್ತಾಗಿ ಬಂದವಳು, ಯಾವುದು ಸುಲಭವೋ ಅದನ್ನು ಮಾಡಿದಳು. ಸುಶೀಲಾಬಾಯಿಯನ್ನು ಬಿಡಿಸಿದಳು. ಹೊಸದಾಗಿ ಬಂದ ಅಡುಗೆಯವಳು ಮಾವ ಹೇಳಿದಷ್ಟು ಉಪ್ಪು ಸುರಿಯುತ್ತಿದ್ದಳು. ಮಾವನ ರಕ್ತದೊತ್ತಡ ಏರಿತು. ವಯಸ್ಸಾಯಿತಲ್ಲ ಎಂದುಕೊಂಡು ಆಕೆ ಮಾತ್ರೆಯನ್ನು ಅರ್ಧದಿಂದ ಒಂದಕ್ಕೆ ಏರಿಸಿದಳು.

ಏಳು ತಿಂಗಳು ಕಳೆದವು. ಒಂದು ಸೋಮವಾರ ಬೆಳಿಗ್ಗೆ ಕೇಂದ್ರದ ಬಾಗಿಲಿಗೆ ಬೀದರಿನಿಂದ ಒಬ್ಬರು ಬಂದರು. ಐವತ್ತೆಂಟರ ವಯಸ್ಸು, ಬಿಳಿ ಗಡ್ಡ, ಕೈಯಲ್ಲಿ ಬಟ್ಟೆಯ ಚೀಲ. ರೋಗಿಗಳು ಬರುವ ಜಾಗವಲ್ಲ ಇದು ಎಂದು ಕಾವಲಿನವ ಎಷ್ಟು ಹೇಳಿದರೂ, ತಮ್ಮ ಬಿಡುಗಡೆ ಚೀಟಿಯ ಕೆಳಗೆ ಇದೇ ವಿಳಾಸ ಅಚ್ಚಾಗಿದೆಯೆಂದು ತೋರಿಸಿ ಕಟ್ಟೆಯ ಮೇಲೆ ಕೂತುಬಿಟ್ಟರು. ಮಕ್ದೂಮ್ ಪಾಶಾ ಎಂದು ಹೆಸರು. ನಾಲ್ಕು ತಿಂಗಳ ಹಿಂದೆ ತಾಲೂಕು ಆಸ್ಪತ್ರೆಯೊಂದರಲ್ಲಿ ಹರ್ನಿಯಾ ಆಪರೇಷನ್ ಆಗಿತ್ತು. ನೀಲಾಂಬಿಕಾ ಐದು ನಿಮಿಷ ಎಂದು ಒಳಗೆ ಕರೆಸಿದಳು. ಅವರು ಎರಡು ತಾಸು ಕೂತರು.

"ನಂದು ಬಿದ್ರಿ ಕಾರ್ಖಾನಿಯಾಗ ಮಣ್ಣ ನೋಡೋ ಕೆಲಸ್ರಿ," ಎಂದರು.

"ಮಣ್ಣು ನೋಡೋದಂದ್ರ?"

"ನಾಲಿಗಿ ಮ್ಯಾಲ ಇಟ್ಟು ನೋಡೋದು." ಚೀಲದಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಬೂದುಗೆಂಪು ಮಣ್ಣು. "ಸತು, ತಾಮ್ರ ಕೂಡಿಸಿ ಎರಕ ಹೊಯ್ತೀವಿ. ಮ್ಯಾಲ ಬೆಳ್ಳಿ ಕೂಡಿಸ್ತೀವಿ. ಕಡಿಗಿ ಈ ಮಣ್ಣಿನ ನೀರಾಗ ಅದ್ದಿದ್ರ ಸತು ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಎಲ್ಲಾ ಮಣ್ಣೂ ನಡ್ಯಂಗಿಲ್ಲ. ಬೀದರ ಕಿಲ್ಲಾದ ಹಳೇ ಕ್ವಾಟಿ ಗ್ವಾಡಿ ಬುಡದಾಗ ಬಿಸಲು ಮಳಿ ಕಾಣದ ಮಣ್ಣ ಬೇಕು. ಅದರಾಗೂ ಒಂದು ಬುಟ್ಟಿ ಸರಿ ಇದ್ರ ಬಾಜೂದು ಸರಿ ಇರಂಗಿಲ್ಲ. ಕಣ್ಣಿಗಿ ಎರಡೂ ಒಂದೇ. ನಾಲಿಗಿಗಿ ಗೊತ್ತಾಗ್ತದ. ಮೂವತ್ತೊಂದು ವರ್ಷ ನಾನೇ ನೋಡೀನಿ."

ಆ ಮೂವತ್ತೊಂದು ವರ್ಷದಲ್ಲಿ ಅವರು ಎಲೆ ಅಡಿಕೆ ಹಾಕಿರಲಿಲ್ಲ, ತಂಬಾಕು ಮುಟ್ಟಿರಲಿಲ್ಲ, ಚಹಾವನ್ನೂ ತಣಿಸಿ ಕುಡಿಯುತ್ತಿದ್ದರು. ಮಣ್ಣು ನೋಡುವ ದಿನ ಬರಿಯ ನೀರಿನ ಮೇಲೆ ಇರುತ್ತಿದ್ದರು. ಆಪರೇಷನ್ ಆದ ಮೇಲೆ ಮೊದಲ ಸಲ ಮಣ್ಣು ಆರಿಸಿದಾಗ ಅವರಿಗೆ ಎಲ್ಲ ಬುಟ್ಟಿಯೂ ಸ್ವಲ್ಪ ಸಪ್ಪೆ ಎನಿಸಿತು. ಈ ಸಲದ ಮಣ್ಣೇ ಹಾಗೆ ಎಂದುಕೊಂಡು, ಇದ್ದುದರಲ್ಲಿ ತೀಕ್ಷ್ಣವೆನಿಸಿದ್ದನ್ನು ಆರಿಸಿದರು. ಅರವತ್ತೆರಡು ತಟ್ಟೆಗಳನ್ನು ಅದರಲ್ಲಿ ಅದ್ದಿದರು. ಅವರು ಚೀಲದಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಕಪ್ಪಾಗಿರಲಿಲ್ಲ. ಒಲೆಯಲ್ಲಿ ಉಳಿದ ಬೂದಿಯ ಬಣ್ಣಕ್ಕಿತ್ತು, ಬೆಳ್ಳಿಯ ಬಳ್ಳಿ ಅದರಲ್ಲಿ ಕಾಣಿಸುತ್ತಲೇ ಇರಲಿಲ್ಲ.

"ತಂಬಾಕ ತಿಂದು ನಾಲಿಗಿ ಸತ್ತದ ಅಂತಾರ್ರಿ. ಕದ್ದು ತಿಂತಿದ್ನಂತ. ನನ್ನ ಸಣ್ಣ ತಮ್ಮನೇ ಅಂತಾನ." ಅವರು ಜೇಬಿನಿಂದ ಮಡಿಚಿದ ಕಾಗದ ತೆಗೆದರು. ಬಾಲ್‌ಪೆನ್ನಿನಲ್ಲಿ ಬರೆದ ನಾಲಿಗೆಯ ಚಿತ್ರ. ಮುಂದಿನ ಭಾಗಕ್ಕೆ ಗೀಟು ಹಾಕಿತ್ತು. "ನಾನೇ ಉಪ್ಪಿನಕಾಳು ಒಂದೊಂದ ಕಡಿಗಿ ಇಟ್ಟು ನೋಡೀನಿ. ಹಿಂದ ಗಂಟಲ ಬಾಜೂಕ ಅದ. ಇಲ್ಲಿಂದ ಮುಂದ ಇಲ್ಲ. ಬಲಗಡಿ ಪೂರಾ ಇಲ್ಲ, ಎಡಗಡಿ ಜರಾ ಅದ. ವಯಸ್ಸಾದ್ರ ಹಿಂಗ ಗೆರಿ ಕೊರದಂಗ ಹೋಗ್ತದೇನ್ರಿ?"

ನೀಲಾಂಬಿಕಾ ಆ ಚಿತ್ರವನ್ನು ನೋಡುತ್ತ ಕೂತಳು. ಓದಿನ ದಿನಗಳಲ್ಲಿ ಪುಸ್ತಕದಲ್ಲಿ ಕಂಡ ಚಿತ್ರವೇ ಅದು. ನಾಲಿಗೆಯ ಹಿಂದಿನ ಮೂರನೇ ಒಂದು ಭಾಗದ ರುಚಿ ಒಂಬತ್ತನೇ ನರದ್ದು. ಮುಂದಿನದು ಏಳನೇ ನರದ ಕವಲಿನದು. ಆ ಕವಲು ಐದನೇ ನರದ ಕವಲಿನ ಜೊತೆ ಒಂದೇ ಹಗ್ಗದಂತೆ ನಾಲಿಗೆಯ ಅಂಚಿನ ಕೆಳಗೆ ಸಾಗುತ್ತದೆ. ಕ್ಲಿಪ್ಪಿನ ಕೆಳದವಡೆ ಕೂರುವುದು ಅಲ್ಲೇ.

"ಬರೋ ತಿಂಗಳ ಮೊದಲನೇ ಶುಕ್ರವಾರ ಜುಮ್ಮಾ ನಮಾಜ್ ಮುಗದಮ್ಯಾಲ ಕಾರ್ಖಾನಿ ಮಂದಿ ಎಲ್ಲಾ ಕೂಡ್ತಾರ್ರಿ. ಮಣ್ಣಿನ ಕೆಲಸ ಬ್ಯಾರೇದವ್ರಿಗಿ ಕೊಡೋದಂತ," ಎಂದರು ಮಕ್ದೂಮ್ ಪಾಶಾ. "ರುಚಿ ತಿರುಗಿ ಬರ್ಲಿಲ್ಲಂದ್ರೂ ನಡೀತದ ಡಾಕ್ಟರಮ್ಮ. ಇದು ನನ್ನ ತಪ್ಪಲ್ಲ ಅಂತ ಒಂದ್ ಕಾಗದ ಬರದು ಕೊಡ್ರಿ. ಅಷ್ಟೇ ಕೇಳ್ಲಕ ಬಂದೀನಿ."

ತಪಾಸಣೆ ಮಾಡದೆ ಬರೆಯಲು ಬರುವುದಿಲ್ಲ, ಸ್ವಲ್ಪ ದಿನ ಬೇಕು ಎಂದಳು. ಅದು ನಿಜವೂ ಹೌದು, ನೆಪವೂ ಹೌದು. ಅವರು ಏಳುವಾಗ ಕಿಟಕಿಯ ಪಕ್ಕದ ತಟ್ಟೆ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಅಂಗೈಯಲ್ಲಿ ಸವರಿದರು.

"ಇದು ನಮ್ಮ ಕಾರ್ಖಾನಿದೇ. ಮಣ್ಣ ನಾನೇ ನೋಡಿದ್ದು. ಹ್ಯಾಂಗ ಕಪ್ಪಾಗ್ಯದ ನೋಡ್ರಿ! ಯಾಕ ಕೊಟ್ರು ನಿಮಗಿದು?"

"ಕೆಲಸ ಚಲೋ ಮಾಡೀನಂತ," ಎಂದಳು ನೀಲಾಂಬಿಕಾ. ಮಕ್ದೂಮ್ ಪಾಶಾ ತಾವು ತಂದ ಬೂದಿಬಣ್ಣದ ತಟ್ಟೆಯನ್ನು ಕರಿಯದರ ಪಕ್ಕ ಇಟ್ಟು ನೋಡಿದರು. ಹೋಗುವಾಗ ಅದನ್ನು ವಾಪಸು ಒಯ್ಯಲಿಲ್ಲ.

ಮಕ್ದೂಮ್ ಪಾಶಾ ಅವರ ಆಪರೇಷನ್ನಿನ ದಾಖಲೆ ತೆಗೆಯಲು ಎರಡು ನಿಮಿಷ ಸಾಕಾಯಿತು. ಒಂದು ಗಂಟೆ ಐವತ್ತು ನಿಮಿಷ. ಕ್ಲಿಪ್ಪು ಮೂರನೇ ಕಚ್ಚು. ಬಾರಿಸಿದ ಗಂಟೆಗಳು ಸೊನ್ನೆ. ಮದ್ದು ಹದವಾಗಿತ್ತು, ಉಸಿರು ಸರಿಯಾಗಿತ್ತು. ಆಪರೇಷನ್ ನಂತರ ರೋಗಿಗೆ ಕೇಳುವ ಹದಿನಾಲ್ಕು ಪ್ರಶ್ನೆಗಳಿಗೂ ಸರಿಯಾದ ಉತ್ತರವಿತ್ತು: ವಾಂತಿ ಇಲ್ಲ, ತುರಿಕೆ ಇಲ್ಲ, ತಲೆನೋವು ಇಲ್ಲ. ಊಟ ಹೇಗೆ ರುಚಿಸುತ್ತದೆ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ಆ ಹದಿನಾಲ್ಕು ಪ್ರಶ್ನೆಗಳನ್ನು ಬರೆದ ಸಮಿತಿಯಲ್ಲೂ ನೀಲಾಂಬಿಕಾ ಇದ್ದಳು.

ಹಿರಿಯ ತಂತ್ರಜ್ಞೆ ಜಗದೇವಿಯನ್ನು ಜೊತೆಗೆ ಕೂರಿಸಿಕೊಂಡು ಆಕೆ ಫೋನು ಹಚ್ಚಿದಳು. ತನ್ನ ಸೂಚನೆಗೆ ಮೊದಲು ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಮಲಗಿದ್ದ ನಲವತ್ತು ಜನ, ಸೂಚನೆಯ ನಂತರ ಮಲಗಿದ್ದ ನಲವತ್ತು ಜನ. ಎಲ್ಲರಿಗೂ ಒಂದೇ ಪ್ರಶ್ನೆ: ಊಟ ಹ್ಯಾಂಗ ಹೊಂಟದ?

ಒಬ್ಬ ಲಾರಿ ಚಾಲಕ, "ಊಟದ್ದೇನ್ ಕೇಳ್ತೀರಿ, ಹೆಂಡ್ತಿ ತವರಿಗಿ ಹೋಗ್ಯಾಳ, ದಿನಾ ಸಪ್ಪಗದ ಅಂತ ತಾಟು ಬೀಸಿ ಒಗದ್ರ ಯಾರಿರ್ತಾರ," ಎಂದ. ಒಬ್ಬ ಮುದುಕಿ ದನಿ ತಗ್ಗಿಸಿ, ಸೊಸೆ ಬೇಕಂತಲೇ ತನಗೆ ಸಪ್ಪೆ ಬಡಿಸುತ್ತಾಳೆಂದು ದೂರಿತ್ತಳು. ಕಿರಾಣಿ ಅಂಗಡಿಯವನೊಬ್ಬ ತನ್ನ ಅಂಗಡಿಯ ಉಪ್ಪೇ ಕಲಬೆರಕೆಯೆಂದು ಕಂಪನಿಗೆ ಪತ್ರ ಬರೆದಿದ್ದ. ತಾನೇ ಅಡುಗೆ ಮಾಡುವ ಹೆಂಗಸೊಬ್ಬಳು ಮಾತ್ರ ಯಾರನ್ನೂ ದೂರಲಿಲ್ಲ. "ನನ್ನ ಕೈನೇ ಕೆಟ್ಟದ್ರಿ. ಹುಡುಗ್ರು ಉಪ್ಪಾಗ್ಯದ ಅಂತ ಎದ್ದು ಹೋಗ್ತಾವ. ನನಗ ತಿಳೀಲಕತ್ತಿಲ್ಲ," ಎಂದಳು.

ಊಟ ಸಪ್ಪೆ ಎಂದವರು ಸೂಚನೆಗೆ ಮೊದಲಿನ ನಲವತ್ತರಲ್ಲಿ ಇಬ್ಬರು. ನಂತರದ ನಲವತ್ತರಲ್ಲಿ ಇಪ್ಪತ್ತೇಳು. ಆ ಇಪ್ಪತ್ತೇಳರಲ್ಲಿ ನಾಲಿಗೆಯ ಮಾತೆತ್ತಿದವರು ಒಬ್ಬರೂ ಇಲ್ಲ. ರುಚಿ ಪೂರ್ತಿ ಹೋಗಿದ್ದರೆ ತಿಳಿಯುತ್ತಿತ್ತು. ಹಿಂದಿನ ಭಾಗ ಉಳಿದಿರುವುದರಿಂದ ಊಟ ಬರೀ ಸಪ್ಪೆಯಾಗಿ ಕಾಣುತ್ತದೆ, ಸಪ್ಪೆಯಾದರೆ ಮನುಷ್ಯ ಬೈಯುವುದು ಬಡಿಸಿದವರನ್ನು. ಈ ಹದಿನಾಲ್ಕು ತಿಂಗಳಲ್ಲಿ ಅಷ್ಟು ಹೊತ್ತು ಮಲಗಿದವರು ಸಾವಿರದ ಮೇಲೆ. ಸುಮಾರು ಏಳುನೂರು ಮನೆಗಳಲ್ಲಿ ಏಳುನೂರು ಒಲೆಗಳ ಮುಂದೆ ಯಾರೋ ಒಬ್ಬರು ಬೈಸಿಕೊಳ್ಳುತ್ತಿದ್ದಾರೆ ಎಂದು ಆಕೆಗೆ ಹೊಳೆಯಿತು. ಅದರ ಹಿಂದೆಯೇ ಏಳುನೂರರಲ್ಲಿ ಒಂದು ಮನೆ ತನ್ನದು ಎಂದೂ ಹೊಳೆಯಿತು. ಆಗ ಆಕೆಗೆ ನಾಚಿಕೆಯಾಯಿತು, ಭಯಕ್ಕಿಂತ ಮೊದಲು ನಾಚಿಕೆ.

ಅಂದು ಸಂಜೆ ಮನೆಯಲ್ಲಿ ಮಾವನನ್ನು ಕುರ್ಚಿಯ ಮೇಲೆ ಕೂರಿಸಿ, ನಾಲ್ಕು ಬಟ್ಟಲಲ್ಲಿ ಉಪ್ಪುನೀರು, ಸಕ್ಕರೆನೀರು, ನಿಂಬೆರಸ, ಹಾಗಲರಸ ಇಟ್ಟಳು. ಹತ್ತಿ ಅದ್ದಿ ನಾಲಿಗೆಯ ಮುಂದಿನ ಅಂಚಿಗೆ ಒಂದೊಂದಾಗಿ ಮುಟ್ಟಿಸಿದಳು. ಕಣ್ಣು ಮುಚ್ಚಿಕೊಳ್ಳಬೇಕು, ಏನೆಂದು ಹೇಳಬೇಕು.

"ನೀರು," ಎಂದರು ಮಾವ. ಎರಡನೆಯದಕ್ಕೂ, "ನೀರು." ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿ, "ಏನ್ ಆಟ ಹಚ್ಚೀದಿ ನೀಲಾ? ಎಲ್ಲಾ ನೀರೇ ಕೊಡ್ಲಕತ್ತೀದಿ," ಎಂದರು.

"ಕಣ್ ತಗೀರಿ ಮಾವಾ."

ಅವರು ಬಟ್ಟಲುಗಳನ್ನು ನೋಡಿದರು. ನಿಂಬೆಯ ಸಿಪ್ಪೆ, ಹಾಗಲದ ಹಸಿರು. ಒಂದೊಂದನ್ನೂ ಎತ್ತಿ ಮೂಸಿದರು. ಹಾಗಲರಸದ ಬಟ್ಟಲನ್ನು ಎತ್ತಿ ಗಟಗಟ ಕುಡಿದರು. ಗಂಟಲಿಗೆ ಹೋದಾಗ ಮಾತ್ರ ಮುಖ ಕಿವಿಚಿತು. ಬಟ್ಟಲು ಕೆಳಗಿಟ್ಟರು. ಆಮೇಲೆ ಅಂದರು:

"ಹಂಗಾರ ಸುಶೀಲಾ ಉಪ್ಪು ಹಾಕ್ತಿದ್ದಳು."

ಮರುದಿನ ನೀಲಾಂಬಿಕಾ ಕೇಂದ್ರದ ಮುಖ್ಯಸ್ಥ ಡಾ. ದೇಶಮುಖರ ಮುಂದೆ ಅಂಕಿಗಳನ್ನಿಟ್ಟಳು. ದೇಶಮುಖರು ಕೆಟ್ಟವರಲ್ಲ. ದಾರಿಯಲ್ಲಿ ಸತ್ತ ರೋಗಿಗಳನ್ನು ಕಂಡು ಕಂಡು ಸಾಕಾಗಿ ಈ ಕೇಂದ್ರಕ್ಕಾಗಿ ಹತ್ತು ವರ್ಷ ಓಡಾಡಿದವರು.

"ಫೋನಿನ ಮಾತು ಪುರಾವೆ ಅಲ್ಲ, ನೀಲಾಂಬಿಕಾ. ಈ ಭಾಗದ ಮಂದಿ ತಂಬಾಕು, ಗುಟ್ಕಾ ತಿಂದೇ ನಾಲಿಗಿ ಹಾಳ್ ಮಾಡ್ಕೊಂಡಿರ್ತಾರ. ವರದಿಯಾಗ ಅದನ್ನೇ ಕಾರಣ ಅಂತ ಬರೀರಿ. ಕಚ್ಚು ಸದ್ದಿಲ್ಲದ ಬದಲಾಯಿಸೋಣ. ಊರಿಗೆಲ್ಲಾ ಗೊತ್ತಾದ್ರ ಮಷಿನ್ ನಿಂತುಬಿಡ್ತದ. ನಿಂತ್ರ ಎಷ್ಟ್ ಮಂದಿ ಸಾಯ್ತಾರ ಅನ್ನೋದು ನಿಮಗೇ ಗೊತ್ತದ."

ತಂಬಾಕು ಎಂಬ ಮಾತು ಕೇಳಿ ಆಕೆಗೆ ಮಕ್ದೂಮ್ ಪಾಶಾ ತಣಿಸಿ ಕುಡಿಯುತ್ತಿದ್ದ ಚಹಾ ನೆನಪಾಯಿತು. "ನಾನೇ ನೋಡ್ತೀನಿ ಸರ್," ಎಂದು ಎದ್ದು ಬಂದಳು.

ತರಬೇತಿ ಕೋಣೆಯಲ್ಲಿ ಕಲಿಸಲಿಕ್ಕೆಂದು ಇಟ್ಟ ಯಂತ್ರವೊಂದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಆಕೆ ಅದರ ಮಂಚದ ಮೇಲೆ ಮಲಗಿ ಬಾಯಿ ತೆರೆದಳು. ಮದ್ದಿನ ನಳಿಕೆ ಎಲ್ಲಿಗೂ ಜೋಡಿಸಿರಲಿಲ್ಲ. ಜಗದೇವಿ ಬೇಡವೆಂದು ಎರಡು ಸಲ ಹೇಳಿ, ಮೂರನೇ ಸಲ ಹೇಳದೆ ಕ್ಲಿಪ್ಪು ಹಾಕಿದಳು. ಒಂದನೇ ಕಚ್ಚು ಬರೀ ಹಿಡಿತ. ಎರಡನೆಯದು ನೋವು. ಮೂರನೆಯದಕ್ಕೆ ಕಣ್ಣಲ್ಲಿ ನೀರು ತಾನಾಗಿ ಇಳಿಯಿತು.

ಪರದೆಯ ಮೇಲೆ ಆಕೆಯ ನೋವು ಅಂಕಿಯಾಗಿ ಮೂಡಿತು. ಎಪ್ಪತ್ತೊಂದು. ಯಂತ್ರ ಅರ್ಧ ನಿಮಿಷಕ್ಕೊಮ್ಮೆ ಮದ್ದು ಕೊಡಲೇ ಎಂದು ಕೇಳುತ್ತಿತ್ತು, ಜಗದೇವಿ ಬೇಡ ಎಂದು ಒತ್ತುತ್ತಿದ್ದಳು. ನೂರಾರು ಜನರ ಇದೇ ಅಂಕಿಯನ್ನು ನೀಲಾಂಬಿಕಾ ಕುರ್ಚಿಯಲ್ಲಿ ಕೂತು ನೋಡಿದ್ದಳು. ಅವರಿಗಾದರೆ ಮದ್ದು ಹೋಗಿ ಅಂಕಿ ಹತ್ತಕ್ಕಿಳಿಯುತ್ತಿತ್ತು. ಇಳಿದದ್ದು ಅಂಕಿ ಮಾತ್ರ, ಕ್ಲಿಪ್ಪಿನ ಬಿಗಿ ಇಳಿದಿರಲಿಲ್ಲ. ಮುಕ್ಕಾಲು ಗಂಟೆ ದಾಟಿದ ಮೇಲೆ ಪರದೆಯ ಮೇಲೆ ಎಪ್ಪತ್ತೊಂದು ಅರವತ್ತಾಯಿತು, ನಲವತ್ತಾಯಿತು. ಮದ್ದು ಒಂದು ಹನಿಯೂ ಹೋಗಿರಲಿಲ್ಲ. ನರವೇ ಸುಮ್ಮನಾಗುತ್ತಿತ್ತು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಜಗದೇವಿ ಹೇಳದೆ ಕೇಳದೆ ಕ್ಲಿಪ್ಪು ಬಿಚ್ಚಿದಳು.

ಮರುದಿನ ಬೆಳಿಗ್ಗೆ ಹೊಸ ಅಡುಗೆಯವಳು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನೀಲಾಂಬಿಕಾ ಪೇಪರು ನೋಡುತ್ತ ಒಂದು ತುತ್ತು ಬಾಯಿಗಿಟ್ಟಳು. ಉಪ್ಪು ಹಾಕುವುದನ್ನು ಮರೆತಿದ್ದಾಳೆ ಇವಳು, ಎಂದುಕೊಂಡು ಕರೆಯಲು ಬಾಯಿ ತೆರೆದಳು. ಆಮೇಲೆ ನೆನಪಾಯಿತು.

ಎಲ್ಲ ಗೊತ್ತಿದ್ದೂ ಮೊದಲು ಬಂದ ಯೋಚನೆ ಅದೇ. ಆಕೆ ಪೇಪರು ಮಡಿಚಿಟ್ಟು ಇಡೀ ತಟ್ಟೆಯನ್ನು ಮಾತಾಡದೆ ತಿಂದಳು.

ವರದಿ ಎರಡು ಪುಟವಾಯಿತು. ಸೂಚನೆ ಯಾರದು ಎಂಬ ಜಾಗದಲ್ಲಿ ತನ್ನ ಹೆಸರು ಬರೆದು, ದೇಶಮುಖರ ಮೇಜಿನ ಮೇಲೂ ಬೆಂಗಳೂರಿನ ಆರೋಗ್ಯ ಇಲಾಖೆಗೂ ಒಂದೇ ದಿನ ಮುಟ್ಟುವಂತೆ ಕಳಿಸಿದಳು. ದೇಶಮುಖರು ಹೇಳಿದಂತೆಯೇ ಆಯಿತು. ಯಂತ್ರಗಳು ಒಂಬತ್ತು ದಿನ ನಿಂತವು. ಆ ಒಂಬತ್ತು ದಿನದಲ್ಲಿ ಹನ್ನೊಂದು ಜನರನ್ನು ಆಂಬುಲೆನ್ಸಿನಲ್ಲಿ ದೂರದೂರಿಂದ ಕಲಬುರಗಿಗೆ ತಂದರು. ಹನ್ನೊಂದು ಜನರೂ ಬದುಕಿದರು. ಒಬ್ಬರು ತೀರಿಕೊಂಡಿದ್ದರೂ ತಾನು ಮಾಡಿದ್ದು ಸರಿ ಎಂದು ಹೇಳುವ ಧೈರ್ಯ ತನಗಿರುತ್ತಿತ್ತೇ ಎಂಬುದು ಆಕೆಗೆ ಇಂದಿಗೂ ಗೊತ್ತಿಲ್ಲ. ಹತ್ತನೇ ದಿನ ಯಂತ್ರಗಳು ಒಂದನೇ ಕಚ್ಚಿನ ಮೇಲೆ ಶುರುವಾದವು. ಇಪ್ಪತ್ತು ನಿಮಿಷಕ್ಕೊಮ್ಮೆ ಕ್ಲಿಪ್ಪು ಸಡಿಲಿಸಿ ಹಾಕಬೇಕು. ಕೇಂದ್ರದಲ್ಲಿ ಗಂಟೆಗಳು ಮತ್ತೆ ನೂರನಲವತ್ತಕ್ಕೇರಿದವು, ಪಾಳಿಗೆ ನಾಲ್ವರ ಬದಲು ಆರು ಮಂದಿ ಬಂದರು. ಮುಖ್ಯಸ್ಥೆಯ ಕುರ್ಚಿಯಿಂದ ನೀಲಾಂಬಿಕಾಳನ್ನು ಇಳಿಸಿದರು. ಈಗ ಆಕೆ ಉಳಿದ ಐವರ ಜೊತೆ ಪರದೆಗಳ ಮುಂದೆ ಕೂತು, ಗಂಟೆ ಬಾರಿಸಿದಾಗಲೆಲ್ಲ ಎದ್ದು ನೋಡುತ್ತಾಳೆ. ರೋಗಿಗೆ ಕೇಳುವ ಪ್ರಶ್ನೆಗಳು ಹದಿನೈದಾಗಿವೆ.

ಮಕ್ದೂಮ್ ಪಾಶಾ ಅವರ ಕಾಗದವನ್ನು ಆಕೆ ಕೈಯಲ್ಲೇ ಬರೆದಳು. 'ಇವರ ನಾಲಿಗೆಯ ಮುಂಭಾಗದ ರುಚಿ ಹೋಗಿರುವುದು ಆಪರೇಷನ್ ಸಮಯದಲ್ಲಿ ಕ್ಲಿಪ್ಪನ್ನು ಅತಿಯಾಗಿ ಬಿಗಿದಿದ್ದರಿಂದ. ವಯಸ್ಸಿನಿಂದಲ್ಲ, ತಂಬಾಕಿನಿಂದಲ್ಲ, ಇವರ ಅಲಕ್ಷ್ಯದಿಂದಲ್ಲ. ಹಾಗೆ ಬಿಗಿಯಲು ಹೇಳಿದವಳು ನಾನು.' ಜುಮ್ಮಾಕ್ಕೆ ಎರಡು ದಿನ ಮೊದಲು ಬೀದರಿಗೆ ತಾನೇ ಒಯ್ದು ಕೊಟ್ಟಳು. ಅವರು ಕಾಗದವನ್ನು ನಿಧಾನವಾಗಿ ಓದಿ, ಕೊನೆಯ ಸಾಲಿಗೆ ಬಂದಾಗ ತಲೆಯೆತ್ತಿ ಆಕೆಯನ್ನು ನೋಡಿದರು. ಬೈಯುತ್ತಾರೆಂದು ಆಕೆ ಕಾದಳು. ಅವರು ಕಾಗದ ಮಡಿಚಿ ಎದೆಯ ಜೇಬಿಗಿಟ್ಟುಕೊಂಡು, "ಊಟ ಮಾಡಿ ಹೋಗ್ರಿ," ಎಂದರು.

ಸಭೆಯ ಮರುದಿನ ಫೋನು ಬಂತು. ಕಾಗದವನ್ನು ಸಣ್ಣ ತಮ್ಮನೇ ಗಟ್ಟಿಯಾಗಿ ಓದಿದನಂತೆ. ಒಂದು ವರ್ಷ ಅವರ ಜಾಗ ಹಾಗೇ ಇರಲಿ, ಅಲ್ಲಿಯವರೆಗೆ ಅವರು ತೋರಿಸಿದ ಮಣ್ಣನ್ನು ಮಗಳು ಜರೀನಾ ನಾಲಿಗೆಯ ಮೇಲಿಟ್ಟು ನೋಡಲಿ ಎಂದು ತೀರ್ಮಾನವಾಯಿತಂತೆ. ನರ ಚಿಗುರಿದರೂ ದಿನಕ್ಕೆ ಒಂದು ಮಿಲಿಮೀಟರಿನಷ್ಟೇ, ಚಿಗುರದೆಯೂ ಇರಬಹುದು ಎಂದು ನೀಲಾಂಬಿಕಾ ಮುಚ್ಚುಮರೆಯಿಲ್ಲದೆ ಹೇಳಿದಳು. "ಇರ್ಲಿ ಬಿಡ್ರಿ," ಎಂ‌ದರು ಅವರು. "ಇವತ್ತ ಮುಂಜಾನಿ ಎಡಗಡಿ ತುದಿಗಿ ಜರಾ ಚುರ್ ಅಂದಂಗಾಯ್ತು."

ಉಳಿದದ್ದು ಒಂದು ಮನೆ. ಭಾನುವಾರ ಬೆಳಿಗ್ಗೆ ನೀಲಾಂಬಿಕಾ ಹೊರಟಾಗ ಮಾವ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ," ಎಂದರು.

ಸುಶೀಲಾಬಾಯಿಯ ಮನೆ ಮೂರು ಗಲ್ಲಿ ಆಚೆ. ಇಬ್ಬರನ್ನೂ ಕಂಡು ಆಕೆ ಗಾಬರಿಯಾದಳು, ಒಳಗೆ ಕರೆದು ಚಾಪೆ ಹಾಸಿದಳು. ನೀಲಾಂಬಿಕಾ ಕ್ಲಿಪ್ಪಿನ ಕಥೆಯನ್ನು ಮೊದಲಿನಿಂದ, ಬೀದರಿಗೆ ಒಯ್ದ ಕಾಗದದವರೆಗೂ ಹೇಳಿದಳು. ಸುಶೀಲಾಬಾಯಿ ಸೆರಗಿನ ತುದಿ ಸುತ್ತುತ್ತ ಕೇಳಿದಳು.

"ತಿರುಗಿ ಬರ್ತೀಯೇನು ಸುಶೀಲಾ?" ಎಂದು ಮಾವ ಕೇಳಿದರು. ಕೇಳುವಾಗ ನೆಲ ನೋಡುತ್ತಿದ್ದರು.

"ಇಲ್ರೀ ಯಪ್ಪಾ. ಈಗ ಲಗ್ನದ ಮಂಟಪದಾಗ ಕೆಲಸಕ್ಕ ಹೋಗ್ಲಕತ್ತೀನಿ," ಎಂದಳು. "ಕಾಯಿಪಲ್ಯ ಹೆಚ್ಚೋ ಕೆಲಸ. ಒಲಿ ಮುಂದ ನಿಲ್ಲಗೊಡಂಗಿಲ್ಲ. ಹೆಡ್‌ಮಾಸ್ತರ ಮನ್ಯಾಗ ಉಪ್ಪು ಹಾಕ್ಲಕ ಬರಲ್ಲಂತ ಬಿಡಿಸ್ಯಾರಂತ ಇಡೀ ಓಣಿಗಿ ಗೊತ್ತದಲ್ರಿ. ಯಾರೂ ಕರೀಲಿಲ್ಲ."

ಹೊರಗೆ ನಲ್ಲಿಯ ಹತ್ತಿರ ಯಾರೋ ಕೊಡ ತೊಳೆಯುವ ಸದ್ದಾಗುತ್ತಿತ್ತು. ಕೊನೆಗೆ ಸುಶೀಲಾಬಾಯಿಯೇ ಕೇಳಿದಳು:

"ಆ ಬೀದರ ಸಾಬರಿಗಿ ಕಾಗದ ಬರದು ಕೊಟ್ಟೀರಂತಲ್ರಿ ಅಕ್ಕಾರ. ನನಗೂ ಒಂದ್ ಬರದು ಕೊಡ್ರಿ."

ನೀಲಾಂಬಿಕಾ ಚೀಲದಿಂದ ಹಾಳೆ ತೆಗೆದಳು. ಮಂಡಿಯ ಮೇಲಿಟ್ಟುಕೊಂಡು ಬರೆದಳು: 'ಸುಶೀಲಾಬಾಯಿ ನಮ್ಮ ಮನೆಯಲ್ಲಿ ಆರು ವರ್ಷ ಅಡುಗೆ ಮಾಡಿದ್ದಾರೆ. ಅವರನ್ನು ಬಿಡಿಸಿದ್ದು ನಮ್ಮ ತಪ್ಪು. ಅವರು ಹಾಕುತ್ತಿದ್ದ ಉಪ್ಪು ಸರಿಯಾಗಿತ್ತು.' ಸಹಿ ಹಾಕಿ ಗಟ್ಟಿಯಾಗಿ ಓದಿ ಹೇಳಿದಳು. ಮಾವ ಕೈ ಚಾಚಿ ಕಾಗದ ಇಸಿದುಕೊಂಡರು. ಆಯುಷ್ಯದಲ್ಲಿ ಸಾವಿರಾರು ಸರ್ಟಿಫಿಕೇಟುಗಳಿಗೆ ಸಹಿ ಮಾಡಿದವರು, ಸೊಸೆಯ ಸಹಿಯ ಕೆಳಗೆ ತಮ್ಮ ಪೂರ್ತಿ ಹೆಸರು, ನಿವೃತ್ತ ಮುಖ್ಯೋಪಾಧ್ಯಾಯರು ಎಂಬುದನ್ನೂ ಬಿಡದೆ ಬರೆದರು.

ಸುಶೀಲಾಬಾಯಿ ಕಾಗದವನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಅದನ್ನು ನೀಲಾಂಬಿಕಾಳ ಕಡೆಗೆ ಮತ್ತೆ ಚಾಚಿದಳು.

"ಪುಂಡಿಪಲ್ಯದ್ದು ಬಿಟ್ಟೀರಿ," ಎಂದಳು. "ಹುಳೀನೂ ಸರಿ ಇತ್ತಂತ ಬರೀರಿ."

ನೀಲಾಂಬಿಕಾ ಬರೆದಳು.